ಓಪನ್ ಆಕ್ಸೆಸ್ ಕಲಾ ಸಂಗ್ರಹಗಳು: ಸಂಶೋಧನೆಗೆ ಯಾವುದನ್ನು ನಂಬೋದು, ಏನು ನೋಡಿ ನಂಬೋದು?

ತಿಳಿನೀಲಿ:

ಎಲ್ಲರಿಗೂ ನಮಸ್ಕಾರ. ಜಪಾನಿನ ಮರದಚ್ಚು ಚಿತ್ರಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಮೂಲ ಚಿತ್ರಗಳನ್ನು ಹೋಗಿ ನೋಡುವ ಅವಕಾಶ ಸದ್ಯಕ್ಕಂತೂ ಇಲ್ಲ. ಮ್ಯೂಸಿಯಂಗಳು ಆನ್‌ಲೈನ್‌ನಲ್ಲಿ ತೆರೆದಿಟ್ಟಿರುವ ಸಂಗ್ರಹಗಳೇ ನನಗೆ ಆಧಾರ.

ಆರು ತಿಂಗಳಿಂದ ಕಂಡದ್ದನ್ನೆಲ್ಲ ಬುಕ್‌ಮಾರ್ಕ್ ಮಾಡುತ್ತಾ ಬಂದೆ. ನಲವತ್ತಕ್ಕೂ ಜಾಸ್ತಿ ಸೈಟುಗಳಾಗಿವೆ. ಪಟ್ಟಿ ನೋಡಿದ ನನ್ನ ಗೈಡ್ ಒಂದೇ ಪ್ರಶ್ನೆ ಕೇಳಿದರು: "ಇವನ್ನು ಯಾವ ಆಧಾರದ ಮೇಲೆ ಆರಿಸಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಒಂದು ಕೋಷ್ಟಕ ಮಾಡಿಕೊಂಡಿದ್ದೇನೆ. ಎಷ್ಟು ಚಿತ್ರ ಇವೆ, ಎಷ್ಟು ಜೂಮ್ ಆಗುತ್ತದೆ, ಡೌನ್‌ಲೋಡ್ ಸಿಗುತ್ತದಾ, ಹುಡುಕೋದು ಸುಲಭವಾ, ಹೀಗೆ ನಾಲ್ಕು ಕಾಲಂ. ಪ್ರತಿಯೊಂದಕ್ಕೂ ಐದಕ್ಕೆ ಅಂಕ. ಇಷ್ಟು ಸಾಕಾ? ಮ್ಯೂಸಿಯಂ, ಲೈಬ್ರರಿ ಕೆಲಸದಲ್ಲಿರುವವರು ಏನು ನೋಡುತ್ತೀರಿ? ದಯವಿಟ್ಟು ತಿಳಿಸಿ.

ಕಾರ್ಡ್‌ಕ್ಯಾಟಲಾಗ್:

ಒಳ್ಳೆಯ ಪ್ರಶ್ನೆ. ನಿಮ್ಮ ಗೈಡ್‌ಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ನಾಲ್ಕೂ ಕಾಲಂಗಳು ಚಿತ್ರವನ್ನೇ ಅಳೆಯುತ್ತಿವೆ. ಸಂಶೋಧನೆಗೆ ಆಧಾರವಾಗೋದು ಚಿತ್ರದ ಪಕ್ಕದಲ್ಲಿರುವ ದಾಖಲೆ. ಯಾರು ಮಾಡಿದ್ದು, ಯಾವಾಗ, ಅಳತೆ ಎಷ್ಟು, ನೋಂದಣಿ ಸಂಖ್ಯೆ ಏನು, ಯಾರ ಕೈಯಿಂದ ಯಾರ ಕೈಗೆ ಬಂತು, ಇದನ್ನೆಲ್ಲ ಯಾರು ಹೇಳುತ್ತಿದ್ದಾರೆ. ಚಿತ್ರ ಎಷ್ಟೇ ಸೊಗಸಾಗಿದ್ದರೂ ಈ ದಾಖಲೆ ಇಲ್ಲದಿದ್ದರೆ ಅದು ಗೋಡೆಗೆ ತೂಗುಹಾಕೋಕೆ ಸರಿ, ಅಡಿಟಿಪ್ಪಣಿಗೆ ಬರೋದಿಲ್ಲ.

ನಾನು ಹೊಸ ಸಂಗ್ರಹ ಕೈಗೆ ಸಿಕ್ಕರೆ ಮುಖಪುಟ ಓದೋದೇ ಇಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಕೃತಿಯನ್ನು ಹುಡುಕುತ್ತೇನೆ. ಆ ಒಂದನ್ನೇ ಕೊನೆತನಕ ಹಿಡಿದು ನೋಡುತ್ತೇನೆ. ಲಕ್ಷಗಟ್ಟಲೆ ದಾಖಲೆ ಇದೆ ಅನ್ನೋದಕ್ಕಿಂತ ಆ ಒಂದು ದಾಖಲೆ ಹೇಗಿದೆ ಅನ್ನೋದೇ ನನಗೆ ಜಾಸ್ತಿ ಹೇಳುತ್ತದೆ.

ನಿಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಕೃತಿ ಹೊಕುಸಾಯ್‌ನ ದೊಡ್ಡ ಅಲೆ. ಅಚ್ಚಿನ ಚಿತ್ರವಾದ್ದರಿಂದ ಒಂದೇ "ಮೂಲ" ಅಂತ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಅಂದರೆ ಮೆಟ್‌ನಲ್ಲಿದೆ, ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೂರು ಪ್ರತಿ ಇವೆ, ಬ್ರಿಟಿಷ್ ಮ್ಯೂಸಿಯಂನಲ್ಲೂ ಮೂರಿವೆ. ಅದೇ ಅಲೆಯನ್ನು ಈ ಮೂರೂ ಕಡೆ ತೆರೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಯಾವ ಸೈಟ್ ಪ್ರತಿ ಪ್ರತಿಗೂ ಬೇರೆ ದಾಖಲೆ ಕೊಟ್ಟಿದೆ? ಯಾರು ಕೊಟ್ಟಿದ್ದು, ಯಾವ ವರ್ಷ ಬಂತು ಎಂದು ಬರೆದಿದ್ದಾರಾ? ಕಾಲವನ್ನು ಎಷ್ಟು ಖಚಿತವಾಗಿ ಹೇಳುತ್ತಾರೆ? ಬಂದು ಇಲ್ಲಿ ಬರೆಯಿರಿ.

ಇನ್ನೊಂದು ಮಾತು. "ಉಚಿತ" ಬೇರೆ, "ಓಪನ್" ಬೇರೆ. ನೋಡೋಕೆ ಬಿಟ್ಟಿರುವ ಎಲ್ಲವನ್ನೂ ಪ್ರಬಂಧದಲ್ಲಿ ಅಚ್ಚು ಹಾಕೋಕೆ ಬಿಟ್ಟಿರೋದಿಲ್ಲ. ಲೈಸೆನ್ಸ್‌ಗೆ ಒಂದು ಕಾಲಂ ಇಡಲೇಬೇಕು.

ಬೆಳಕುನೆರಳು:

ದಾಖಲೆ ಮುಖ್ಯ ಅನ್ನೋದನ್ನು ಒಪ್ಪುತ್ತೇನೆ. ಆದರೆ ಚಿತ್ರವನ್ನು ಅಷ್ಟು ಸುಲಭವಾಗಿ ಬದಿಗೆ ಸರಿಸಬೇಡಿ. ಹದಿನೈದು ವರ್ಷದಿಂದ ಮ್ಯೂಸಿಯಂ ವಸ್ತುಗಳ ಫೋಟೋ ತೆಗೆಯೋದೇ ನನ್ನ ಕೆಲಸ. ಫೋಟೋ ಕೂಡ ಒಂದು ದಾಖಲೆಯೇ. ಅದೂ ತಪ್ಪು ಹೇಳಬಹುದು.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನ ಕಥೆ ಕೇಳಿರಬಹುದು. ವರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರ ಅಲ್ಲಿದೆ. ಅದರ ಹಳದಿ ತಿರುಗಿದ, ಕೆಟ್ಟ ಪ್ರತಿಗಳು ಇಂಟರ್‌ನೆಟ್ಟಿನಲ್ಲಿ ಹತ್ತು ಸಾವಿರದಷ್ಟು ಹರಡಿದ್ದವು. ಕೊನೆಗೆ ಮ್ಯೂಸಿಯಂ ಅಂಗಡಿಯ ಪೋಸ್ಟ್‌ಕಾರ್ಡಿನಲ್ಲಿದ್ದ ಸರಿಯಾದ ಬಣ್ಣವನ್ನೇ ಜನ ನಂಬಲಿಲ್ಲ. ಒಳ್ಳೆಯ ಚಿತ್ರವನ್ನು ತಾವೇ ಉಚಿತವಾಗಿ ಬಿಡದೆ ಬೇರೆ ದಾರಿ ಇಲ್ಲ ಎಂದು ಅವರಿಗೆ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ. 2011ರಲ್ಲಿ ಯುರೋಪಿನ ಸಂಸ್ಥೆಗಳ ಸಂಗ್ರಹಗಳನ್ನು ಆನ್‌ಲೈನ್‌ನಲ್ಲಿ ಒಂದೆಡೆ ತರುವ ಯೂರೋಪಿಯಾನಾ ಈ ಸಮಸ್ಯೆಗೆ "ಹಳದಿ ಹಾಲಿನವಳು" ಎಂದೇ ಹೆಸರಿಟ್ಟು ವರದಿ ಬರೆಯಿತು.

ಹಾಗಾಗಿ ಬಣ್ಣದ ಬಗ್ಗೆ ಮಾತಾಡುವ ಮೊದಲು ಕೇಳಿಕೊಳ್ಳಿ: ಫೈಲಿನೊಳಗೆ ಬಣ್ಣದ ಪ್ರೊಫೈಲ್, ಅಂದರೆ ಪರದೆ ಬಣ್ಣವನ್ನು ಸರಿಯಾಗಿ ತೋರಿಸೋಕೆ ಬೇಕಾದ ಮಾಹಿತಿ ಇದೆಯಾ? ಫೋಟೋದಲ್ಲಿ ಬಣ್ಣದ ಪಟ್ಟಿ, ಅಳತೆಪಟ್ಟಿ ಕಾಣುತ್ತದಾ? ಕಾಗದದ ಅಂಚು ಪೂರ್ತಿ ಕಾಣುತ್ತದಾ, ಇಲ್ಲ ಚೆಂದ ಕಾಣಲಿ ಎಂದು ಕತ್ತರಿಸಿದ್ದಾರಾ? ಅಚ್ಚಿನ ಚಿತ್ರ ಓದುವವರಿಗೆ ಅಂಚು ಬಹಳ ಬೇಕು. ಎಲ್ಲೆಲ್ಲಿ ಕತ್ತರಿ ಬಿದ್ದಿದೆ ಅನ್ನೋದು ಅಲ್ಲೇ ಗೊತ್ತಾಗೋದು. ಫೋಟೋ ತೆಗೆದ ವರ್ಷ ಸಿಕ್ಕರಂತೂ ಬಂಗಾರ. ಹಳೆಯ ಸ್ಲೈಡಿನಿಂದ ಸ್ಕ್ಯಾನ್ ಮಾಡಿದ್ದನ್ನೂ ಹೊಸದಾಗಿ ತೆಗೆದದ್ದನ್ನೂ ಒಂದೇ ಸಾಲಿನಲ್ಲಿ ಇಟ್ಟಿರುತ್ತಾರೆ, ನೋಡುವವರಿಗೆ ತಿಳಿಯೋದೇ ಇಲ್ಲ.

ಗಾತ್ರಕ್ಕೆ ಸಣ್ಣ ಲೆಕ್ಕ ಹೇಳುತ್ತೇನೆ. ಮೆಟ್‌ನಲ್ಲಿರುವ ಅಲೆಯ ಅಳತೆ 25.7 × 37.9 ಸೆಂಟಿಮೀಟರ್. ಅದನ್ನು ಮೂಲದ ಅಳತೆಯಲ್ಲೇ ಇಂಚಿಗೆ 300 ಪಿಕ್ಸೆಲ್‌ನಂತೆ ಅಚ್ಚು ಹಾಕೋಕೆ ಅಗಲ ಸುಮಾರು 4,480 ಪಿಕ್ಸೆಲ್ ಬೇಕು. 843 ಪಿಕ್ಸೆಲ್ ಅಗಲದ ಫೈಲ್ ಸಿಕ್ಕರೆ? ಪುಸ್ತಕದಲ್ಲಿ 7 ಸೆಂಟಿಮೀಟರ್ ಬರುತ್ತದೆ, ಅಷ್ಟೇ. "ಹೈ ರೆಸಲ್ಯೂಶನ್" ಎಂಬ ಬೋರ್ಡ್ ನೋಡಿ ಅಂಕ ಕೊಡಬೇಡಿ, ಪಿಕ್ಸೆಲ್ ಎಣಿಸಿ ಕೊಡಿ.

ತೀರಾ ಹತ್ತಿರದಿಂದ ನೋಡಬೇಕಾದಾಗ ಒಳ್ಳೆಯ ಫೋಟೋ ಏನು ಮಾಡಬಲ್ಲದು ಅನ್ನೋದಕ್ಕೆ ರೈಕ್ಸ್‌ಮ್ಯೂಸಿಯಂ 2022ರಲ್ಲಿ ಹಾಕಿದ ರೆಂಬ್ರಾಂಟ್‌ನ 'ನೈಟ್ ವಾಚ್' ನೋಡಿ. 8,439 ಫೋಟೋಗಳನ್ನು ಜೋಡಿಸಿ ಮಾಡಿದ 717 ಗಿಗಾಪಿಕ್ಸೆಲ್ ಚಿತ್ರ. ಬಣ್ಣದ ಕಣಗಳೇ ಕಾಣುತ್ತವೆ. ಮೊದಲ ಸಲ ನೋಡಿದ ದಿನ ನನಗೆ ರಾತ್ರಿ ಊಟದ ನೆನಪೇ ಆಗಲಿಲ್ಲ.

ಹೊಸಓದುಗ:

ಸುಮ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಸೈಟು ಯಾಕೆ? ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಎಲ್ಲ ಮ್ಯೂಸಿಯಂಗಳ ಚಿತ್ರವೂ ಒಂದೇ ಕಡೆ ಸಿಗುತ್ತದಲ್ಲ? ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ ಜೂಮ್ ಕೂಡ ಚೆನ್ನಾಗಿದೆ.

ಕಾರ್ಡ್‌ಕ್ಯಾಟಲಾಗ್:

ತಪ್ಪೇನಿಲ್ಲ, ನಾನೂ ಹುಡುಕೋಕೆ ಕಾಮನ್ಸ್‌ಗೇ ಮೊದಲು ಹೋಗುತ್ತೇನೆ. ಆದರೆ ಅಲ್ಲಿ ನಿಲ್ಲೋದಿಲ್ಲ. ಅಲ್ಲಿನ ವಿವರವನ್ನು ಯಾರು ಬೇಕಾದರೂ ತಿದ್ದಬಹುದು. ಅದು ಅದರ ಬಲವೂ ಹೌದು. ಮ್ಯೂಸಿಯಂನವರು ಒಂದು ಕೃತಿಯ ಕಾಲವನ್ನು ಹೊಸದಾಗಿ ನಿರ್ಧರಿಸಿದರೆ ಕಾಮನ್ಸ್‌ನಲ್ಲಿ ಹಳೆಯದೇ ಉಳಿದಿರಬಹುದು. ಅಲ್ಲಿಂದ ನೋಂದಣಿ ಸಂಖ್ಯೆ ಹಿಡಿದು ಮ್ಯೂಸಿಯಂನ ಸ್ವಂತ ಪುಟಕ್ಕೆ ಹೋಗಿ. ಅಡಿಟಿಪ್ಪಣಿ ಆ ಪುಟಕ್ಕೇ ಇರಲಿ.

ಗೂಗಲ್‌ನದ್ದು ನೋಡುವ ಜಾಗ. ಅಲ್ಲಿಂದ ಚಿತ್ರ ಇಳಿಸಿಕೊಳ್ಳೋಕೆ ಆಗೋದಿಲ್ಲ, ಹಕ್ಕೆಲ್ಲ ಚಿತ್ರ ಕೊಟ್ಟ ಸಂಸ್ಥೆಯ ಬಳಿಯೇ ಇರುತ್ತದೆ. ಕಣ್ಣಿಗೆ ಒಳ್ಳೆಯದು, ಪ್ರಬಂಧಕ್ಕೆ ಸಾಲದು.

ಅಡ್ಡಸಾಲು:

ನಾನು ಕಲೆ ಓದಿದವನಲ್ಲ, ಡೇಟಾ ಕೆಲಸದವನು. ಮ್ಯೂಸಿಯಂಗಳ ಡೇಟಾ ಇಳಿಸಿಕೊಂಡು ಲೆಕ್ಕ ಹಾಕುವವರ ಜೊತೆ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡ ಎರಡು ಗುಂಡಿಗಳನ್ನು ಹೇಳುತ್ತೇನೆ, ನೀವು ಬೀಳಬೇಡಿ.

ಮೆಟ್ 2017ರ ಫೆಬ್ರವರಿಯಲ್ಲಿ 3,75,000 ಚಿತ್ರಗಳನ್ನು ಸಿಸಿ ಝೀರೋ ಎಂಬ ಲೈಸೆನ್ಸ್ ಅಡಿ ಬಿಟ್ಟಿತು. ಅಂದರೆ ಯಾವ ಷರತ್ತೂ ಇಲ್ಲ. ಸಂಗ್ರಹದ ಲಕ್ಷಗಟ್ಟಲೆ ಕೃತಿಗಳ ಪಟ್ಟಿ ಸಿಎಸ್‌ವಿ ಎಂಬ ಕೋಷ್ಟಕದ ಫೈಲಾಗಿ ಗಿಟ್‌ಹಬ್ ಸೈಟಿನಲ್ಲಿದೆ. ಅದರಲ್ಲಿ ಕಲಾವಿದರ ಹೆಸರು ಒಂದು ಕಾಲಂ, ಹೆಸರಿನ ಮುಂದೆ ಬರುವ ಮಾತು ಇನ್ನೊಂದು ಕಾಲಂ. "ರೆಂಬ್ರಾಂಟ್‌ನದ್ದು ಎನ್ನಲಾದ", "ರೆಂಬ್ರಾಂಟ್‌ನ ಶೈಲಿಯಲ್ಲಿ", "ರೆಂಬ್ರಾಂಟ್‌ನ ಚಿತ್ರ ನೋಡಿ ಬೇರೊಬ್ಬರು ಮಾಡಿದ್ದು", ಇದೆಲ್ಲ ಆ ಎರಡನೇ ಕಾಲಂನಲ್ಲಿರುತ್ತದೆ. ಹೆಸರಿನ ಕಾಲಂ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದರೆ ಎಲ್ಲವೂ ರೆಂಬ್ರಾಂಟ್‌ನದ್ದೇ ಆಗಿಬಿಡುತ್ತದೆ! ಹಾಗೆ ಮಾಡಿದ ಗ್ರಾಫೊಂದನ್ನು ಒಂದು ಸಭೆಯಲ್ಲಿ ನಾನೇ ಕಣ್ಣಾರೆ ಕಂಡೆ. ತಪ್ಪು ಮ್ಯೂಸಿಯಂನದ್ದಲ್ಲ, ಅವರು ಸರಿಯಾಗಿಯೇ ಬರೆದಿಟ್ಟಿದ್ದರು. ವರ್ಷಕ್ಕೂ ಇದೇ ಮಾತು. "ಸುಮಾರು" ಅನ್ನೋದು ಓದುವ ಕಾಲಂನಲ್ಲಿರುತ್ತದೆ. ಲೆಕ್ಕಕ್ಕೆ ಬಳಸುವ ಆರಂಭ, ಅಂತ್ಯದ ಕಾಲಂಗಳಲ್ಲಿ ಬರೀ ಅಂಕಿ.

ಎರಡನೆಯದು ಕಣ್ಣಿಗೆ ಕಾಣದ ಗುಂಡಿ. ತೆರೆದ ಚಿತ್ರಗಳಲ್ಲಿ ಹಳೆಯ ಕಾಲದವೇ ಜಾಸ್ತಿ, ಯಾಕೆಂದರೆ ಹೊಸದಕ್ಕೆ ಕಾಪಿರೈಟ್ ಇದೆ. ಪಿಕಾಸೊ ತೀರಿಕೊಂಡದ್ದು 1973ರಲ್ಲಿ. ಯುರೋಪಿನಲ್ಲಿ ಕಲಾವಿದರು ಸತ್ತ ಮೇಲೆ 70 ವರ್ಷ ಹಕ್ಕು ಉಳಿಯುತ್ತದೆ, ಹಾಗಾಗಿ 2044ರ ಜನವರಿ 1ರವರೆಗೆ ಅವನ ಚಿತ್ರಗಳು ಅಲ್ಲಿ ಬಿಡುಗಡೆಯಾಗೋದಿಲ್ಲ. ತೆರೆದ ಚಿತ್ರಗಳನ್ನಷ್ಟೇ ಎಣಿಸಿ "ಈ ಮ್ಯೂಸಿಯಂ ಹೀಗಿದೆ" ಎಂದು ಬರೆದರೆ ಇಪ್ಪತ್ತನೇ ಶತಮಾನ ಅರ್ಧಕ್ಕರ್ಧ ಮಾಯ.

ಲೈಸೆನ್ಸನ್ನೂ ಪುಟಕ್ಕೊಂದು ಎಂದುಕೊಳ್ಳಬೇಡಿ. ಶಿಕಾಗೋದ ಎಪಿಐನಲ್ಲಿ, ಅಂದರೆ ಪ್ರೋಗ್ರಾಂ ಬರೆದು ಡೇಟಾ ಪಡೆಯುವ ದಾರಿಯಲ್ಲಿ, ಹೆಚ್ಚಿನ ಡೇಟಾ ಸಿಸಿ ಝೀರೋ, ಆದರೆ ಕೃತಿಯ ವಿವರಣೆಯ ಬರಹಕ್ಕೆ ಹೆಸರು ಹೇಳಿ ಬಳಸಬೇಕೆಂಬ ಸಿಸಿ ಬೈ ಲೈಸೆನ್ಸ್. ಚಿತ್ರಕ್ಕೆ ಒಂದು, ಡೇಟಾಕ್ಕೆ ಒಂದು, ಬರಹಕ್ಕೆ ಒಂದು. ಕಾಲಂ ಒಂದಲ್ಲ, ಮೂರು ಬೇಕು.

ಸಣ್ಣಮ್ಯೂಸಿಯಂ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಆಚೆ ಬದಿಯವಳು, ಅಂದರೆ ದಾಖಲೆ ಬರೆಯುವವಳು. ನಮ್ಮದು ಚಿಕ್ಕ ಮ್ಯೂಸಿಯಂ, ದಾಖಲೆಗೆ ಇರೋದು ನಾನೊಬ್ಬಳೇ.

ಒಂದು ವಿನಂತಿ. ಖಾಲಿ ಬಿಟ್ಟ ಕಾಲಂ ಕಂಡರೆ ಅಂಕ ಕಳೆಯಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯೋಕೆ ಧೈರ್ಯ ಬೇಕು. ಒಡೆತನದ ಇತಿಹಾಸದಲ್ಲಿ "1933ರಿಂದ 1945ರವರೆಗೆ ಎಲ್ಲಿತ್ತು ತಿಳಿದಿಲ್ಲ" ಎಂದು ಒಂದು ಯುರೋಪಿಯನ್ ಚಿತ್ರದ ಪುಟದಲ್ಲಿ ಬರೆದಿದ್ದರೆ ಆ ಮ್ಯೂಸಿಯಂ ಮೇಲೆ ನನಗೆ ಗೌರವ ಹೆಚ್ಚುತ್ತದೆ. ನಾಜಿಗಳು ದೋಚಿದ ಕಲೆಯ ಬಗ್ಗೆ 1998ರಲ್ಲಿ ವಾಷಿಂಗ್ಟನ್‌ನಲ್ಲಿ ದೇಶಗಳು ಒಪ್ಪಿದ ತತ್ವಗಳು ಇದನ್ನೇ ಕೇಳಿದ್ದವು: ಹುಡುಕಿ, ಸಿಕ್ಕಿದ್ದನ್ನು ಬಹಿರಂಗಪಡಿಸಿ, ದಾಖಲೆಗಳನ್ನು ತೆರೆದಿಡಿ. ನಯವಾಗಿ ತುಂಬಿಸಿದ ಪುಟಕ್ಕಿಂತ ಇಂಥ ಪುಟವನ್ನು ನಂಬುತ್ತೇನೆ.

ಹಕ್ಕಿಗೂ ಇದೇ ಮಾತು. ನಮ್ಮಲ್ಲಿ ಎಷ್ಟೋ ಫೋಟೋಗಳ ಹಕ್ಕುದಾರರು ಯಾರೆಂದೇ ತಿಳಿಯದು. ಮೊದಲೆಲ್ಲ "ಎಲ್ಲ ಹಕ್ಕು ಕಾಯ್ದಿರಿಸಿದೆ" ಎಂದು ಎಲ್ಲದರ ಕೆಳಗೂ ಹಾಕುತ್ತಿದ್ದೆವು. ಅದು ನಿಜ ಆಗಿರಲಿಲ್ಲ. 2016ರಲ್ಲಿ ಯೂರೋಪಿಯಾನಾ ಮತ್ತು ಅಮೆರಿಕದ ಡಿಜಿಟಲ್ ಲೈಬ್ರರಿ ಡಿಪಿಎಲ್‌ಎ ಸೇರಿ ಹಕ್ಕು ಹೇಳುವ ಸಿದ್ಧ ವಾಕ್ಯಗಳನ್ನು ಮಾಡಿಕೊಟ್ಟವು. ಕಾಪಿರೈಟ್ ಇದೆ, ಇಲ್ಲ, ಹಕ್ಕುದಾರರು ಸಿಕ್ಕಿಲ್ಲ, ಇನ್ನೂ ಪರಿಶೀಲಿಸಿಲ್ಲ, ಹೀಗೆ. ಈಗ ನಮಗೂ ಓದುವವರಿಗೂ ನೆಮ್ಮದಿ.

ಹಳೆಯ ಚಿತ್ರದ ಫೋಟೋಗೆ ಹೊಸ ಹಕ್ಕು ಹುಟ್ಟುತ್ತದಾ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದಲ್ಲಿ 1999ರ ಬ್ರಿಜ್‌ಮನ್ ತೀರ್ಪು ಇಲ್ಲ ಎಂದಿತು. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದ 14ನೇ ವಿಧಿಯೂ ಇಲ್ಲ ಎನ್ನುತ್ತದೆ. ಆದರೂ ಸೈಟಿನ ಷರತ್ತುಗಳು ಬೇರೆ ಇರಬಹುದು. ಅಚ್ಚು ಹಾಕುವ ಮೊದಲು ಓದಿ.

ನಮ್ಮ ಸಂಗ್ರಹ ತೆರೆದ ಎರಡನೇ ತಿಂಗಳು ಒಬ್ಬರು ಪತ್ರ ಬರೆದರು. ಒಂದು ಮರದ ಹಲಗೆಯ ಎತ್ತರ, ಅಗಲ ಅದಲುಬದಲಾಗಿತ್ತು. ಅಡ್ಡ ಹಲಗೆ ದಾಖಲೆಯಲ್ಲಿ ಉದ್ದಕ್ಕೆ ನಿಂತಿತ್ತು. ಹನ್ನೊಂದು ವರ್ಷ ಆ ತಪ್ಪು ನಮ್ಮ ರಿಜಿಸ್ಟರಿನಲ್ಲೇ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಮ್ಮ ಕೋಷ್ಟಕದಲ್ಲಿ ಇದಕ್ಕೂ ಜಾಗ ಕೊಡಿ: ತಪ್ಪು ಕಂಡರೆ ಹೇಳೋಕೆ ವಿಳಾಸ ಇದೆಯಾ, ದಾಖಲೆ ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ತೋರಿಸುತ್ತಾರಾ.

ತಿಳಿನೀಲಿ:

ಮೂರು ಸಂಜೆ ಕೂತು ಅಲೆಯನ್ನು ಹಿಡಿದೆ. ಕಾರ್ಡ್‌ಕ್ಯಾಟಲಾಗ್ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಮೊದಲು ಹೆಸರಿನಲ್ಲೇ ಎಡವಿದೆ. "ದೊಡ್ಡ ಅಲೆ" ಅನ್ನೋದು ನಾವು ಕರೆಯುವ ಹೆಸರು. ಚಿತ್ರದ ಎಡಮೇಲೆ ಚೌಕದಲ್ಲಿ ಬರೆದಿರುವ ಹೆಸರಿನ ಅರ್ಥ ಕನಗಾವಾದ ಕಡಲಿನಲ್ಲಿ ಅಲೆಯ ಅಡಿ. ಮೆಟ್‌ನಲ್ಲಿ ಎರಡೂ ಹೆಸರು ಕೊಟ್ಟಿದ್ದಾರೆ, ಜಪಾನಿ ಹೆಸರು ಕೂಡ. ಚೌಕದ ಪಕ್ಕದ ಸಹಿಯಲ್ಲಿ ಹೊಕುಸಾಯ್ "ಹೊಕುಸಾಯ್ ಆಗಿದ್ದು ಈಗ ಈತ್ಸು ಆದವನ ಕುಂಚದಿಂದ" ಎಂದು ಬರೆದಿದ್ದಾನೆ. ಅವನು ಬದುಕಿನುದ್ದಕ್ಕೂ ಹೆಸರು ಬದಲಿಸುತ್ತಲೇ ಇದ್ದ. ಶುನ್‌ರೋ, ಸೋರಿ, ತೈತೊ, ಮಂಜಿ ಎಲ್ಲ ಅವನೇ. ಅಮೆರಿಕದ ಗೆಟ್ಟಿ ಸಂಸ್ಥೆಯವರ ಕಲಾವಿದರ ಹೆಸರಿನ ಪಟ್ಟಿ ಯುಲಾನ್‌ನಲ್ಲಿ ಇಂಥ ಹೆಸರುಗಳೆಲ್ಲ ಒಂದೇ ಸಂಖ್ಯೆಯ ಕೆಳಗಿವೆ. ಹಾಗಾಗಿ ಹೊಸ ಕಾಲಂ ಹಾಕಿದೆ: ಹಳೆಯ ಹೆಸರು ಕೊಟ್ಟು ಹುಡುಕಿದರೆ ಕಲಾವಿದ ಸಿಗುತ್ತಾನಾ?

ಕಾಲ ಕೂಡ ಒಂದೇ ಇಲ್ಲ. ಮೆಟ್ ಸುಮಾರು 1830–32 ಎನ್ನುತ್ತದೆ, ಶಿಕಾಗೋ 1830/33. ಮೊದಲಾಗಿದ್ದರೆ ಯಾವುದೋ ಒಂದನ್ನು ಬರೆದುಕೊಂಡು ಮುಂದೆ ಹೋಗುತ್ತಿದ್ದೆ.

ಲೈಸೆನ್ಸ್: ಮೆಟ್ ಮತ್ತು ಶಿಕಾಗೋದ ಅಲೆ ಸಿಸಿ ಝೀರೋ. ಬ್ರಿಟಿಷ್ ಮ್ಯೂಸಿಯಂನದ್ದನ್ನು ಹೆಸರು ಹೇಳಿ, ವ್ಯಾಪಾರಕ್ಕಲ್ಲದೆ, ಅದೇ ಷರತ್ತಿನಲ್ಲಿ ಹಂಚುವುದಾದರೆ ಬಳಸಬಹುದು. ಪ್ರಬಂಧಕ್ಕೆ ತೊಂದರೆ ಇಲ್ಲ. ಮುಂದೆ ಪುಸ್ತಕ ಮಾಡಿ ಮಾರಿದರೆ ಬೇರೆ ಅನುಮತಿ ಬೇಕಾಗುತ್ತದೆ.

ಈಗ ನಿಜವಾಗಿ ನನ್ನನ್ನು ಹಿಡಿದು ಕೂರಿಸಿದ್ದು. ಶೀರ್ಷಿಕೆಯ ಚೌಕಕ್ಕೆ ಎರಡು ಗೆರೆಯ ಅಂಚಿದೆ. ಮರದ ಅಚ್ಚು ಸವೆದಂತೆ ಆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಜೂಮ್ ಮಾಡುತ್ತಾ ಹೋದೆ. ಒಂದು ಪ್ರತಿಯಲ್ಲಿ ಗೆರೆ ಪೂರ್ತಿಯಾಗಿದೆ, ಇನ್ನೊಂದರಲ್ಲಿ ಎಡಗಡೆ ಕೂದಲೆಳೆಯಷ್ಟು ಬಿರುಕು. ಆಕಾಶದ ಮೋಡವೂ ಅಷ್ಟೇ, ಕೆಲವದರಲ್ಲಿ ಮೆಲ್ಲಗೆ ಕಾಣುತ್ತದೆ, ಕೆಲವದರಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿದೆ. ಯಾವ ಪ್ರತಿ ಮೊದಲು ಅಚ್ಚಾಯಿತು, ಯಾವುದು ಆಮೇಲೆ ಎಂದು ಮನೆಯಲ್ಲಿ ಕೂತು ಅಂದಾಜು ಮಾಡಬಹುದು! ಬೆಳಕುನೆರಳು ಅವರೇ, ನಿಮ್ಮ ಮಾತು ಆಗ ಅರ್ಥವಾಯಿತು. ಚಿಕ್ಕ ಫೈಲಿನಲ್ಲಿ ಆ ಬಿರುಕು ಕಾಣೋದೇ ಇಲ್ಲ, ಎಲ್ಲ ಪ್ರತಿಗಳೂ ಒಂದೇ ಥರ.

ಬೆಳಕುನೆರಳು:

ಓದಿ ತುಂಬಾ ಖುಷಿಯಾಯಿತು. ಒಂದು ಎಚ್ಚರಿಕೆ: ಗೆರೆ ತುಂಡಾಗಿರೋದು ಗಟ್ಟಿ ಸಾಕ್ಷಿ, ಮೋಡ ಮಾಸಿರೋದು ಅಷ್ಟು ಗಟ್ಟಿಯಲ್ಲ. ಬೆಳಕಿಗೆ ಬಣ್ಣ ಮಾಸಿರಬಹುದು, ಫೋಟೋದಲ್ಲಿ ಬೆಳಕು ಜಾಸ್ತಿ ಬಿದ್ದಿರಬಹುದು. ಆಕಾರದ ಬಗ್ಗೆ ಪರದೆ ನೋಡಿ ಹೇಳಿ, ಬಣ್ಣದ ಬಗ್ಗೆ ಕಾಗದ ನೋಡಿದವರನ್ನು ಕೇಳಿ.

ಮರುಓದು:

ಒಂದು ಮಾತು ಯಾರೂ ಎತ್ತಿಲ್ಲ. ಈ ಸಂಗ್ರಹ ಯಾರಿಗಾಗಿ ಇದೆ?

ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದಿಂದ 1897ರಲ್ಲಿ ಬ್ರಿಟಿಷ್ ಸೈನ್ಯ ದೋಚಿದ ಕಂಚು, ದಂತದ ಕೃತಿಗಳು ಲೋಕದ ತುಂಬಾ ಚದುರಿವೆ. 2022ರ ನವೆಂಬರ್‌ನಲ್ಲಿ ಶುರುವಾದ ಡಿಜಿಟಲ್ ಬೆನಿನ್ ಎಂಬ ಸೈಟ್ 20 ದೇಶಗಳ 131 ಸಂಸ್ಥೆಗಳಲ್ಲಿರುವ 5,246 ವಸ್ತುಗಳನ್ನು ಒಂದೇ ಕಡೆ ತಂದಿತು. ಅಲ್ಲಿ ನನಗೆ ಹಿಡಿಸಿದ್ದು ಸಂಖ್ಯೆಯಲ್ಲ. ವಸ್ತುಗಳಿಗೆ ಬೆನಿನ್ ಜನರ ಎಡೊ ಭಾಷೆಯ ಹೆಸರುಗಳಿವೆ, ಆ ಹೆಸರನ್ನು ಹೇಗೆ ಹೇಳಬೇಕೆಂದು ಕೇಳಿಸಿಕೊಳ್ಳಬಹುದು. ವಸ್ತು ಹೇಗೆ ಕೈಬಿಟ್ಟುಹೋಯಿತು ಅನ್ನೋದು ಮುಚ್ಚಿಟ್ಟ ವಿಷಯವಲ್ಲ.

ಎಲ್ಲವೂ ತೆರೆದಿರಬೇಕು ಅಂತಲೂ ನಾನು ಒಪ್ಪೋದಿಲ್ಲ. ಕೆಲವು ವಸ್ತುಗಳನ್ನು ಅವುಗಳ ಸಮುದಾಯದಲ್ಲೇ ಎಲ್ಲರೂ ನೋಡುವಂತಿಲ್ಲ. ಅಂಥದ್ದರ ಫೋಟೋವನ್ನು ಸಿಸಿ ಝೀರೋ ಮಾಡಿ ಬಿಟ್ಟರೆ ಅದು ಔದಾರ್ಯವಲ್ಲ. ಮೂಲನಿವಾಸಿಗಳ ಡೇಟಾಕ್ಕಾಗಿ 2019ರಲ್ಲಿ ಬಂದ ಕೇರ್ ತತ್ವಗಳು ಇದನ್ನೇ ಹೇಳುತ್ತವೆ: ಡೇಟಾದ ಮೇಲಿನ ಹಿಡಿತ ಆ ಜನರದ್ದೂ ಹೌದು. ಒಂದು ಸೈಟ್ "ಸಮುದಾಯದವರನ್ನು ಕೇಳಿ ಈ ಚಿತ್ರ ತೆಗೆದಿದ್ದೇವೆ" ಎಂದು ಬರೆದಿದ್ದರೆ ಅದನ್ನು ಕೊರತೆ ಎಂದು ಗುರುತು ಹಾಕಬೇಡಿ.

ಸಣ್ಣಮ್ಯೂಸಿಯಂ:

ಮರುಓದು ಅವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಕಪಾಟಿನಲ್ಲಿ ಹಾಗೆ ಮುಚ್ಚಿಟ್ಟ ವಸ್ತುಗಳು ನಮ್ಮಲ್ಲೂ ಇವೆ. ದಾಖಲೆ ಇದೆ, ಫೋಟೋ ಹಾಕಿಲ್ಲ.

ಅಡ್ಡಸಾಲು:

ಕೊನೆಗೊಂದು ಕೆಲಸದ ಮಾತು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆದಾಗ ಅಲ್ಲಿನ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಸಿಗಲಿಲ್ಲ. ಅಂಥ ದೊಡ್ಡ ಸಂಸ್ಥೆಗೇ ಹಾಗಾಯಿತು. ನೀವು ಆಧಾರ ಮಾಡಿಕೊಂಡ ಪ್ರತಿ ದಾಖಲೆಯ ಒಂದು ಪ್ರತಿ ನಿಮ್ಮ ಬಳಿ ಇರಲಿ, ನೋಡಿದ ತಾರೀಖು ಬರೆದಿಟ್ಟುಕೊಳ್ಳಿ. ವಿಳಾಸದಲ್ಲಿ ಶಾಶ್ವತ ಗುರುತು ಇದೆಯಾ ನೋಡಿ. ಲೂವ್ರ್ 2021ರಲ್ಲಿ 4.8 ಲಕ್ಷಕ್ಕೂ ಹೆಚ್ಚು ದಾಖಲೆ ತೆರೆದಾಗ ಪ್ರತಿಯೊಂದಕ್ಕೂ ಆರ್ಕ್ ಎಂಬ ಗುರುತು ಕೊಟ್ಟಿತು. ಸೈಟಿನ ವಿನ್ಯಾಸ ಬದಲಾದರೂ ಆ ಗುರುತು ಅದೇ ವಸ್ತುವಿಗೆ ಕರೆದುಕೊಂಡು ಹೋಗಬೇಕು ಅನ್ನೋದು ಉದ್ದೇಶ.

ತಿಳಿನೀಲಿ:

ಹಳೆಯ ಕೋಷ್ಟಕ ಅಳಿಸಿದೆ. ಹೊಸದರಲ್ಲಿ ಐದಕ್ಕೆ ಅಂಕ ಇಲ್ಲ, ಪ್ರತಿ ಕಾಲಂನಲ್ಲೂ ಒಂದು ವಾಕ್ಯ ಬರೆಯುತ್ತಿದ್ದೇನೆ. ನಲವತ್ತು ಸೈಟುಗಳಲ್ಲಿ ಈಗ ಹನ್ನೆರಡು ಉಳಿದಿವೆ. ಗೈಡ್‌ಗೆ ತೋರಿಸಿದೆ, ಅಲೆಯ ಬಿರುಕಿನ ಮೇಲೆ ಒಂದು ಅಧ್ಯಾಯವನ್ನೇ ಬರೆ ಎಂದರು.

ಹುಡುಕುವಾಗ ಬೇರೊಂದು ಮ್ಯೂಸಿಯಂನ ಪುಟದಲ್ಲಿ ಇನ್ನೊಂದು ಅಚ್ಚಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿತ್ತು. ಸಹಿಯ ಅಕ್ಷರಗಳು ಉಲ್ಟಾ. ಸಣ್ಣಮ್ಯೂಸಿಯಂ ಅವರ ಹಲಗೆಯ ಕಥೆ ನೆನಪಾಗಿ, ನೋಂದಣಿ ಸಂಖ್ಯೆ ಹಾಕಿ ಪತ್ರ ಬರೆದೆ. ಬರೆಯುವಾಗ ಕೈ ನಡುಗಿತು, ನಾನಿನ್ನೂ ವಿದ್ಯಾರ್ಥಿ ಅಲ್ವಾ.

ನಾಲ್ಕನೇ ದಿನ ಉತ್ತರ ಬಂತು. ಹಳೆಯ ನೆಗೆಟಿವ್ ತಿರುವಿ ಸ್ಕ್ಯಾನ್ ಆಗಿತ್ತಂತೆ. ಇವತ್ತು ಬೆಳಿಗ್ಗೆ ನೋಡಿದೆ, ಚಿತ್ರ ಸರಿಯಾಗಿದೆ. ಕೆಳಗೆ ತಿದ್ದಿದ ತಾರೀಖೂ ಇದೆ.